ಒಂದು ಬಿಟ್ಟು ಒಂದು ಕಾಫಿ

‘ಗಿಟಾರಿನ ವಿಷಯ ಗೊತ್ತಿರುವುದು ಬೇರೆ, ಗಿಟಾರು ನುಡಿಸಲು ಬರುವುದು ಬೇರೆ. ನನಗೆ ಮೊದಲನೆಯದು ಇದೆ, ಎರಡನೆಯದು ಇಲ್ಲ. ಇದು ಹೊರಗೆ ಬಿದ್ದರೆ ಏನು ಗತಿ?’

ಬಚ್ಚಲ ಒಲೆಗೆ ಕಾಫಿ ಗಿಡದ ಒಣಕಡ್ಡಿ ತುರುಕುತ್ತಾ ಅನುಶ್ರೀ ತನಗೆ ತಾನೇ ಹೀಗೆ ಒಪ್ಪಿಕೊಂಡಳು. ಒಲೆ ಏನೂ ಕೇಳಲಿಲ್ಲ. ಮರುಪ್ರಶ್ನೆ ಹಾಕದವರ ಮುಂದೆ ಮಾತ್ರ ಅವಳಿಗೆ ಮಾತು ಸಲೀಸು.

ಬಿ.ಕಾಂ. ಮುಗಿದು ಮನೆಯಲ್ಲಿ ಕೂತ ಹುಡುಗಿ. ಮನೆ ಎಂದರೆ ಕುಶಾಲನಗರದಿಂದ ಹಾರಂಗಿ ಕಡೆ ಹೋಗುವ ದಾರಿಯಲ್ಲಿ, ಚಿಕ್ಕಪ್ಪ ಮಂಜುನಾಥನ ಮನೆ. ಚಿಕ್ಕಪ್ಪನ ಮಗ ಲೋಹಿತ್ ಒಂದು ಗಿಟಾರು ಕೊಂಡಿದ್ದ. ಬೆರಳು ಉರಿದ ಮೇಲೆ ತನ್ನ ನಿಜವಾದ ಪ್ರತಿಭೆ ಬೈಕಿನಲ್ಲಿದೆ ಎಂದು ತಿಳಿದುಬಂದು, ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ಮೈಸೂರಿನ ಹಾಸ್ಟೆಲ್ಲಿಗೆ ಹೋದ. ಅಂದಿನಿಂದ ಆ ಗಿಟಾರು ಅಜ್ಜಿ ಹುಚ್ಚಮ್ಮನ ಶಾಲು ಹೊತ್ತುಕೊಂಡು ಮರ್ಯಾದೆಯಿಂದ ಬದುಕಿತ್ತು. ಆಷಾಢದ ಒಂದು ಸಂಜೆ ಅನುಶ್ರೀ ಶಾಲು ತೆಗೆದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಸಂಗೀತದಲ್ಲಿ ಸದ್ದು ಮಾಡದ ಭಾಗವೊಂದಿದೆ. ಅದನ್ನು ಶಾಸ್ತ್ರ ಎನ್ನುತ್ತಾರೆ. ಸಂಕೋಚದ ಹುಡುಗಿಗೆ ಇದಕ್ಕಿಂತ ಹಿತವಾದದ್ದು ಇನ್ನೇನು? ಮೊಬೈಲಿನ ಪಾಠ ನೋಡಿ ಅವಳು ಸ್ಕೇಲು ಕಲಿತಳು, ಸ್ಕೇಲಿನಿಂದ ಕಾರ್ಡು ಹುಟ್ಟುವುದನ್ನು ಕಲಿತಳು, ಎಡಗೈಯ ಬೆರಳುಗಳನ್ನು ಯಾವ ತಂತಿಯ ಮೇಲೆ ಎಲ್ಲಿ ಒತ್ತಬೇಕೆಂದೂ ಕಲಿತಳು. ಬಲಗೈ ಮಾತ್ರ ಮಡಿಲಲ್ಲೇ ಇತ್ತು. ತಂತಿ ಮೀಟಿದರೆ ಸದ್ದು ಬರುತ್ತದೆ, ಸದ್ದು ಬಂದರೆ ಯಾರಾದರೂ ಕೇಳುತ್ತಾರೆ, ಕೇಳಿದರೆ ಏನಾದರೂ ಅನ್ನುತ್ತಾರೆ. ಹೀಗೆ ಪ್ರತಿ ಸಂಜೆ, ಅದೇ ಕೋಣೆಯ ಮಂಚದ ಮೇಲೆ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿರುವಾಗ, ಅನುಶ್ರೀ ಪರಮ ಮೌನದಲ್ಲಿ ಗಿಟಾರು ಅಭ್ಯಾಸ ಮಾಡುತ್ತಿದ್ದಳು.

ಇಲ್ಲಿಗೇ ನಿಂತಿದ್ದರೆ ಲೋಕಕ್ಕೆ ಕೇಡಿರಲಿಲ್ಲ. ಆದರೆ ಒಂದು ನಾಮಕರಣದ ಊಟದಲ್ಲಿ ಹಾಸನ ಕಡೆಯ ಅತ್ತೆಯೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು:

“ಡಿಗ್ರಿ ಮುಗೀತಲ್ಲವ್ವಾ, ಈಗೇನ್ ಮಾಡ್ಕಂಡಿದ್ದೀಯಾ?”

ಏನೂ ಇಲ್ಲ ಎನ್ನಲು ಅನುಶ್ರೀ ಬಾಯಿ ತೆರೆದಳು. ಬಾಯಿ ಬೇರೆಯದನ್ನೇ ಹೇಳಿತು.

“ಗಿಟಾರ್.”

ಒಂದೇ ಪದ. ಸುಳ್ಳೂ ಅಲ್ಲ. ಮನೆಯಲ್ಲಿ ಗಿಟಾರು ಇತ್ತು, ತೊಡೆಯ ಮೇಲೂ ಇತ್ತು. ಆದರೆ ಪಕ್ಕದ ಎಲೆಯಲ್ಲಿ ಚಿಕ್ಕಪ್ಪ ಮಂಜುನಾಥ ಕೂತಿದ್ದ.

ಮಂಜುನಾಥ ಆಗಷ್ಟೇ ಶುಂಠಿ ಬೆಳೆಯುವುದು ಬಿಟ್ಟು ಹೋಮ್‌ಸ್ಟೇ ಹಿಡಿದಿದ್ದ. ಅದರ ಹೆಸರು ‘ಹಾರಂಗಿ ದರ್ಶನ’. ಮನೆಯಿಂದ ಹಾರಂಗಿ ಜಲಾಶಯದ ನೀರು ಕಾಣುವುದಿಲ್ಲ, ನೀರಿನ ಟ್ಯಾಂಕ್ ಹತ್ತಿದರೆ ಕಾಣುತ್ತದೆ. ಅದಕ್ಕೆಂದೇ ಏಣಿಗೆ ಹೊಸ ಬಣ್ಣ ಬಳಿಸಿದ್ದ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅವನ ತಲೆಯಲ್ಲಿ ಬೋರ್ಡ್ ಸಿದ್ಧವಾಗಿತ್ತು. ಎರಡು ದಿನದಲ್ಲಿ ಅದು ಗೇಟಿನ ಮೇಲೂ, ಮೊಬೈಲಿನಲ್ಲೂ ಬಂತು: ‘ಪ್ರತಿ ಶನಿವಾರ ಕ್ಯಾಂಪ್‌ಫೈರ್, ಲೈವ್ ಗಿಟಾರ್’. ಮೊದಲ ಅತಿಥಿಗಳು ಬರುವ ಶನಿವಾರವೂ ಗೊತ್ತಾಯಿತು.

“ಚಿಕ್ಕಪ್ಪ, ನನಗೆ ಅಷ್ಟೆಲ್ಲಾ...” ಎಂದಳು ಅನುಶ್ರೀ.

“ಗೊತ್ತು ಬಿಡವ್ವಾ, ಕಲ್ತೋರೆಲ್ಲಾ ಹಂಗೇ ಅನ್ನೋದು. ಅವ್ವಾ, ನೀನು ಹೇಳು, ಇವ್ಳು ಹೆಂಗ್ ನುಡಿಸ್ತಾಳೆ?”

ಅಜ್ಜಿ ಹುಚ್ಚಮ್ಮ ಒಂದು ಕ್ಷಣ ಮೊಮ್ಮಗಳ ಬೆರಳುಗಳನ್ನೇ ನೋಡಿದಳು. “ಬಾಳ ಚಂದ ನುಡಿಸ್ತಾಳೆ ಕಣಪ್ಪಾ. ದಿನಾ ಕೂತು ಕೇಳ್ತೀನಲ್ಲ,” ಎಂದಳು.

ಅನುಶ್ರೀ ಬೆಚ್ಚಿದಳು. ಅಜ್ಜಿ ಯಾಕೆ ಸುಳ್ಳು ಹೇಳಿದಳೆಂದು ಕೇಳಬಹುದಿತ್ತು. ಕೇಳಿದರೆ ತನ್ನದೂ ಹೊರಬೀಳುತ್ತದೆಂದು ಸುಮ್ಮನಾದಳು. ಅಜ್ಜಿಯೂ ಈಚೆಗೆ ಸ್ವಲ್ಪ ವಿಚಿತ್ರವಾಗಿದ್ದಳು. ಸುತ್ತ ನಾಲ್ಕು ಊರಿಗೆ ಸೋಬಾನೆ ಹೇಳುವುದರಲ್ಲಿ ಎತ್ತಿದ ಕೈ. ಆಷಾಢ ಕಳೆದು ಮದುವೆಗಳು ಶುರುವಾದರೂ ಒಂದಕ್ಕೂ ಹೋಗಿರಲಿಲ್ಲ. ಮಂಡಿ ನೋವು ಎನ್ನುತ್ತಿದ್ದಳು. ಅದೇ ಮಂಡಿಯಲ್ಲಿ ಏಣಿ ಹತ್ತಿ ಹಾರಂಗಿ ನೋಡಿ ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೋರ್ಡ್ ನೋಡಿ ಮೊದಲು ಧಾವಿಸಿದವರು ಭಜನಾ ಮಂಡಳಿಯ ಹಾರ್ಮೋನಿಯಂ ಮೇಷ್ಟ್ರು ಚೆನ್ನಯ್ಯ. ಊರಿನಲ್ಲಿ ಸಂಗೀತವೆಂದರೆ ಅಲ್ಲಿಯವರೆಗೆ ಅವರೊಬ್ಬರೇ. ದಾರಿಯಲ್ಲಿ ಸಾಕ್ಷಿಗೆಂದು ಪಕ್ಕದ ತೋಟದ ಕುಶಾಲಪ್ಪನವರನ್ನೂ, ಅಂಗನವಾಡಿಯ ಪವಿತ್ರಾಳನ್ನೂ ಕರೆತಂದರು. ಹೋಮ್‌ಸ್ಟೇಗೆಂದು ತಂದ ಏಳು ಹೊಸ ಪ್ಲಾಸ್ಟಿಕ್ ಕುರ್ಚಿಗಳು ಜಗಲಿಯಲ್ಲಿ ಸಾಲಾಗಿದ್ದವು. ಅಜ್ಜಿ, ಕುಶಾಲಪ್ಪ, ಚೆನ್ನಯ್ಯ, ಪವಿತ್ರಾ, ಚಿಕ್ಕಪ್ಪ, ಚಿಕ್ಕಮ್ಮ ಯಮುನಾ, ಈ ಕ್ರಮದಲ್ಲಿ ಕೂತರು. ಏಳನೆಯದರಲ್ಲಿ ಬೆಕ್ಕು ಮೊದಲೇ ಮಲಗಿತ್ತು.

“ಎಲ್ಲಿ, ಗಿಟಾರು ತಗಂಡ್ ಬಾರಮ್ಮ,” ಎಂದರು ಚೆನ್ನಯ್ಯ.

ಅನುಶ್ರೀ ಕಾಫಿ ತಂದಳು. ಭಯವಾದಾಗ ಅಡುಗೆಮನೆಗೆ ಹೋಗುವುದು ಅವಳ ಅಭ್ಯಾಸ. ತಟ್ಟೆಯಲ್ಲಿ ಮೂರು ಲೋಟ ಹಿಡಿಸಿದ್ದವು, ಉಳಿದದ್ದನ್ನು ಮತ್ತೆ ತರುವುದೆಂದು.

“ಕಾಫಿ ಆಮೇಲೆ. ಈ ಕಾರ್ಡು ಕಾರ್ಡು ಅಂತಾರಲ್ಲ, ಏನದು? ಮೂರು ಸ್ವರ ಒಟ್ಟಿಗೆ ಹಿಡೀತಾರಂತೆ? ನಮ್ಮ ಮಂಡಳೀಲಿ ಎಲ್ರೂ ಒಂದೇ ಸ್ವರ ಹಿಡಿದ್ರೇನೇ ಭಜನೆ. ಒಬ್ಬೊಬ್ರು ಒಂದೊಂದು ಹಿಡಿದ್ರೆ ಅದು ಗ್ರಾಮಸಭೆ!”

ನುಡಿಸಿ ತೋರಿಸು ಎಂದಿದ್ದರೆ ಅನುಶ್ರೀ ಅಲ್ಲೇ ಕರಗಿ ಹೋಗುತ್ತಿದ್ದಳು. ಏನದು ಎಂದು ಕೇಳಿದ್ದರು. ಅದು ಅವಳಿಗೆ ಗೊತ್ತಿತ್ತು. ಎಂದೂ ಇಲ್ಲದ ಮಾತು ಬಂತು.

“ಮೇಷ್ಟ್ರೇ, ಈ ಸಾಲನ್ನೇ ನೋಡಿ. ಅಜ್ಜಿ ಸ. ಕುಶಾಲಪ್ಪ ಅಂಕಲ್ ರಿ. ನೀವು ಗ. ಪವಿತ್ರಕ್ಕ ಮ. ಚಿಕ್ಕಪ್ಪ ಪ, ಚಿಕ್ಕಮ್ಮ ದ. ಕೊನೇಲಿ ಬೆಕ್ಕು, ನಿ. ಒಬ್ಬರಾದ ಮೇಲೆ ಒಬ್ಬರು ಹಾಡಿದ್ರೆ ಸ್ಕೇಲು. ಕಾರ್ಡು ಬೇಕಾದ್ರೆ ಒಬ್ಬರನ್ನ ಹಿಡೀಬೇಕು, ಪಕ್ಕದವರನ್ನ ಬಿಡಬೇಕು, ಮತ್ತೊಬ್ಬರನ್ನ ಹಿಡೀಬೇಕು. ಈಗ ನೋಡಿ...”

ಅಜ್ಜಿಯ ಕೈಗೆ ಒಂದು ಲೋಟ ಕೊಟ್ಟಳು. “ಸ.”

ಕುಶಾಲಪ್ಪನವರು ಕೈ ಚಾಚಿದ್ದರು. “ರಿ ಬಿಡಬೇಕು,” ಎಂದು ಅವರನ್ನು ದಾಟಿ ಚೆನ್ನಯ್ಯನವರಿಗೆ ಕೊಟ್ಟಳು. “ಗ.”

“ಮ ಬಿಡಬೇಕು.” ಪವಿತ್ರಾಳನ್ನು ದಾಟಿದಳು. ಕೊನೆಯ ಲೋಟ ಚಿಕ್ಕಪ್ಪನಿಗೆ. “ಪ. ಸ, ಗ, ಪ. ಮೂವರೂ ಒಟ್ಟಿಗೆ ಹಾಡಿದ್ರೆ, ಅದೇ ಕಾರ್ಡು.”

ಚೆನ್ನಯ್ಯ ಕಾಫಿ ಚೆಲ್ಲುವಂತೆ ಎದ್ದು ನಿಂತರು. “ಆಹಾ! ಶಾಸ್ತ್ರ ತಿಳಿದವಳು! ಮಂಜುನಾಥಾ, ಈ ಹುಡುಗಿ ಸಾಮಾನ್ಯದವಳಲ್ಲ ಕಣಯ್ಯಾ! ಈಗ ನುಡಿಸಮ್ಮ, ಕೇಳಿಬಿಡೋಣ!”

“ಹಾಲು ಉಕ್ತಿದೆ!” ಎಂದು ಕೂಗಿ ಅನುಶ್ರೀ ಒಳಗೆ ಓಡಿದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ಹೋದವಳು ಚೆನ್ನಯ್ಯನವರ ದನಿ ಗೇಟು ದಾಟುವವರೆಗೂ ಹೊರಗೆ ಬರಲಿಲ್ಲ.

ಹೀಗಾಗಿ ಎರಡನೆಯ ಸುತ್ತಿನ ಕಾಫಿ ಬರಲೇ ಇಲ್ಲ.

ಪಂಕ್ತಿಯಲ್ಲಿ ಕೂತವರನ್ನು ದಾಟಿ ಪಕ್ಕದವರಿಗೆ ಬಡಿಸುವುದೆಂದರೆ ಏನೆಂದು ಈ ಸೀಮೆಯಲ್ಲಿ ಹಾಲುಹಲ್ಲಿನ ಕೂಸಿಗೂ ಗೊತ್ತು. ಕೊಲೆಗೆ ರಾಜಿಯಾದವರಿದ್ದಾರೆ, ಇದಕ್ಕಾದವರು ಕಡಿಮೆ. ಅದರ ಮೇಲೆ ಆ ಕಾಫಿ ಕುಶಾಲಪ್ಪನವರ ತೋಟದ್ದೇ. ಹೋದ ವಾರ ತಾವೇ ಪುಡಿ ಮಾಡಿಸಿ ಕಳಿಸಿದ್ದು. ಅವರು ಎದ್ದು, ಮನೆಯವರ ಮುಖ ನೋಡದೆ, ಜಗಲಿಯ ಕಂಬಕ್ಕೆ “ಬರ್ತೇನೆ” ಎಂದು ಹೇಳಿ ಹೋದರು. ಪವಿತ್ರಾ ಅಷ್ಟೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಸುದ್ದಿ ಇಷ್ಟೇ ಇತ್ತು: “ಕುಶಾಲಪ್ಪನವರನ್ನ ಬಿಟ್ಟು ಕಾಫಿ ಕೊಟ್ರಂತೆ.” ಮಧ್ಯಾಹ್ನ ನ್ಯಾಯಬೆಲೆ ಅಂಗಡಿ ಮುಟ್ಟುವಾಗ “ಕೈಗೆ ಕೊಟ್ಟ ಲೋಟ ಕಿತ್ಕಂಡ್ರಂತೆ” ಎಂದಾಗಿತ್ತು. ಸಂಜೆಗೆ ಬೆಕ್ಕಿಗೆ ಹಾಲು ಕೊಟ್ಟಿದ್ದೂ ಸೇರಿಕೊಂಡಿತು.

ಹೋಮ್‌ಸ್ಟೇಗೆ ಹೋಗುವ ದಾರಿ ಕುಶಾಲಪ್ಪನವರ ತೋಟದೊಳಗೆ ಹಾಯುತ್ತದೆ. ಮೂರನೆಯ ದಿನ ಅಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಸರಪಳಿ ಬಿತ್ತು. ಸರಪಳಿಗೆ ಬೀಗ ಬಿತ್ತು.

ಮಂಜುನಾಥ ಫ್ಲಾಸ್ಕಿನ ತುಂಬಾ ಕಾಫಿ ಹಿಡಿದು ರಾಜಿಗೆ ಹೋದ. ಕುಶಾಲಪ್ಪ ತಮ್ಮ ಅಂಗಳದಲ್ಲೇ ನಿಲ್ಲಿಸಿದರು.

“ಎಂಥ ಮಾರಾಯ? ಮನೆಗೆ ಬಂದಾಗ ಕೊಡದ ಕಾಫಿಯನ್ನ ಫ್ಲಾಸ್ಕಲ್ಲಿ ತುಂಬಿಸಿ ಬೀದಿಯಲ್ಲಿ ಮೆರವಣಿಗೆ ಮಾಡ್ತೀಯ?”

“ಹಂಗಲ್ಲ ಸಾರ್, ಅದು ಸಂಗೀತದ ಲೆಕ್ಕ. ರಿ ಬಿಡ್ಬೇಕಂತೆ.”

“ನಾನು ಬಿಡೋ ರಿಯಾ? ಯಾರು ಹೇಳಿದ್ದು? ಪಂಚಾಯಿತಿಯವರು ಹೇಳಲಿ!”

ಕುಶಾಲಪ್ಪ ಪಂಚಾಯಿತಿಗೆ ಹೋದರು. ಅಲ್ಲಿಯ ಪಿಡಿಒ ನವೀನ್‌ಕುಮಾರ್ ಹೊಸಬರು, ನಿಯಮದ ಮನುಷ್ಯ. ಎಲ್ಲವನ್ನೂ ಕೇಳಿ ನಿಯಮದ ಪುಸ್ತಕ ತಿರುವಿದರು.

“ಸರ್, ಇದು ರಸ್ತೆಯ ಕೆಳಗೆ ಬರುತ್ತೋ, ಕುಡಿಯುವ ನೀರಿನ ಕೆಳಗೆ ಬರುತ್ತೋ?”

“ಕಾಫಿಯ ಕೆಳಗೆ ಬರ್ತದೆ!”

“ಹಾಗಾದ್ರೆ ಸ್ಥಳ ಪರಿಶೀಲನೆ ಮಾಡ್ಲೇಬೇಕು. ಶನಿವಾರ ಬರ್ತೀನಿ.”

ಶನಿವಾರ ಬಂತು. ಅತಿಥಿಗಳೂ ಬಂದರು, ತುಮಕೂರಿನ ಮಧ್ಯವಯಸ್ಸಿನ ದಂಪತಿ. ಅವರ ಕಾರು ಸರಪಳಿಯ ಆಚೆ ನಿಂತಿತು. ಈಚೆ ಮಂಜುನಾಥ ಕೈಯಲ್ಲಿ ಹೂಗುಚ್ಛ ಹಿಡಿದು, ಸರಪಳಿಯ ಮೇಲಿಂದಲೇ “ವೆಲ್ಕಮ್, ವೆಲ್ಕಮ್” ಎನ್ನುತ್ತಿದ್ದ. ಅಷ್ಟರಲ್ಲಿ ನವೀನ್‌ಕುಮಾರ್ ಬೈಕಿನಲ್ಲಿ ಬಂದಿಳಿದರು. ನಡೆದದ್ದನ್ನು ನಡೆದ ಹಾಗೆಯೇ ತೋರಿಸದೆ ತಾವು ಏನೂ ಹೇಳುವಂತಿಲ್ಲ ಎಂದರು. ಏಳೂ ಕುರ್ಚಿ ದಾರಿಗೆ ಬಂದವು. ಎಲ್ಲರೂ ಅಂದಿನ ಕ್ರಮದಲ್ಲೇ ಕೂತರು. ಚೆನ್ನಯ್ಯ ಹಾರ್ಮೋನಿಯಂ ಸಮೇತ ಬಂದಿದ್ದರು, ಕರೆಯದಿದ್ದರೂ.

“ಏಳನೇ ಕುರ್ಚಿ ಖಾಲಿ ಇದೆ. ಅದರಲ್ಲಿ ಯಾರಿದ್ರು?”

“ಬೆಕ್ಕು, ಸರ್.”

“ಕರೆಸಿ.”

ಯಮುನಾ ಚಿಕ್ಕಮ್ಮ ಹೋಗಿ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ತುಮಕೂರಿನವರು ಕಾರಿನ ಬಾನೆಟ್‌ಗೆ ಒರಗಿ ನೋಡುತ್ತಿದ್ದರು. ಇದೂ ಪ್ಯಾಕೇಜಿನಲ್ಲಿ ಸೇರಿದೆಯೆಂದು ಅವರು ಭಾವಿಸಿದ್ದರೆ ತಪ್ಪಿಲ್ಲ.

“ಈಗ ಹೇಳಿಯಮ್ಮ. ಎರಡನೇ ಕುರ್ಚಿಯವರನ್ನು ಯಾವ ಆಧಾರದ ಮೇಲೆ ಬಿಟ್ಟಿರಿ?”

ಎಲ್ಲರ ಕಣ್ಣೂ ಅನುಶ್ರೀಯ ಮೇಲಿತ್ತು. ಓಡಿಹೋಗಲು ಅಡುಗೆಮನೆ ಬಹಳ ದೂರವಿತ್ತು. ಕೈಯಲ್ಲಿ ಮೂರು ಲೋಟದ ತಟ್ಟೆ ಮಾತ್ರ ಇತ್ತು.

“ಸರ್... ಬಿಟ್ಟಿದ್ದಲ್ಲ. ಅವತ್ತು ಪೂರ್ತಿ ಹೇಳೋಕೆ ಆಗ್ಲಿಲ್ಲ. ಸ ಇಂದ ಶುರು ಮಾಡಿದ್ರೆ ರಿ ಹೊರಗೆ ಉಳಿಯುತ್ತೆ. ಆದ್ರೆ ಕಾರ್ಡು ಒಂದೇ ಅಲ್ಲ. ಏಳು ಸ್ವರಕ್ಕೆ ಏಳು. ಯಾರಿಂದ ಬೇಕಾದ್ರೂ ಶುರು ಮಾಡಬಹುದು. ಕುಶಾಲಪ್ಪ ಅಂಕಲ್ ಇಂದ ಶುರು ಮಾಡಿದ್ರೆ...”

ಅವಳು ಮೊದಲ ಲೋಟವನ್ನು ಕುಶಾಲಪ್ಪನವರ ಮುಂದೆ ಹಿಡಿದಳು. “ರಿ.” ಚೆನ್ನಯ್ಯನವರನ್ನು ದಾಟಿದಳು. “ಗ ಬಿಡಬೇಕು.” ಪವಿತ್ರಾಳಿಗೆ ಒಂದು. “ಮ.” ಚಿಕ್ಕಪ್ಪನನ್ನು ದಾಟಿ ಚಿಕ್ಕಮ್ಮನಿಗೆ ಒಂದು. “ದ. ಒಂದು ಕಾರ್ಡಲ್ಲಿ ಬಿಟ್ಟವರು ಇನ್ನೊಂದರಲ್ಲಿ ಬಂದೇ ಬರ್ತಾರೆ.”

“ಮೇಷ್ಟ್ರನ್ನ ಬಿಟ್ಟರಾ?” ಕುಶಾಲಪ್ಪ ಲೋಟ ಹಿಡಿದು, ಪಕ್ಕದ ಖಾಲಿ ಕೈಗಳನ್ನು ಬಹಳ ತೃಪ್ತಿಯಿಂದ ನೋಡಿದರು. “ಎಲ್ಲಿ ಮೇಷ್ಟ್ರೇ, ನನ್ನದನ್ನ ಬಾರಿಸಿ.”

ಒಂದೇ ಸ್ವರದ ಭಜನೆಯಲ್ಲಿ ಕೂದಲು ನರೆಸಿಕೊಂಡ ಚೆನ್ನಯ್ಯ, ಕಳ್ಳತನ ಮಾಡುವವರಂತೆ ಆಚೀಚೆ ನೋಡಿ, ತಿದಿ ಒತ್ತಿ, ರಿ ಮ ದ ಮೂರನ್ನೂ ಒಟ್ಟಿಗೆ ಹಿಡಿದರು. ಕಾಫಿ ಗಿಡಗಳ ನಡುವೆ ಒಂದು ದಟ್ಟವಾದ, ಬಾಡಿದ ದನಿ ಹರಡಿತು.

“ನಂದು ಯಾಕೆ ಅಳ್ತದೆ?” ಎಂದರು ಕುಶಾಲಪ್ಪ.

“ಸ ಇಂದ ಗಕ್ಕೆ ಹೋಗೋಕೆ ಕಪ್ಪು ಬಿಳಿ ಮನೆ ಎಲ್ಲಾ ಸೇರಿ ನಾಲ್ಕು ಹೆಜ್ಜೆ, ಅಂಕಲ್. ರಿ ಇಂದ ಮಕ್ಕೆ ಮೂರೇ. ಆ ಒಂದು ಹೆಜ್ಜೆ ಕಮ್ಮಿಯಾದ್ರೆ ನಗೋದು ಮೆತ್ತಗಾಗುತ್ತೆ.”

ಚೆನ್ನಯ್ಯ ಎಣಿಸಿ ನೋಡಿದರು. “ಹೌದಲ್ರೀ! ಮೂರೇ!”

“ನನ್ನಿಂದ ಶುರು ಮಾಡಿದ್ರೆ?” ಪವಿತ್ರಾ ಮುಂದೆ ಬಾಗಿದಳು.

“ಮ, ದ, ಮೇಲಿನ ಸ. ಅದು ನಗುತ್ತೆ ಅಕ್ಕಾ.”

ಚೆನ್ನಯ್ಯ ಹಿಡಿದರು. ನಕ್ಕಿತು. ಪವಿತ್ರಾಳೂ ನಕ್ಕಳು. ಕುಶಾಲಪ್ಪನವರ ಮುಖ ಮತ್ತೆ ಗಂಟಾಗುವುದನ್ನು ಕಂಡು ಹುಚ್ಚಮ್ಮ ಬಾಯಿ ಹಾಕಿದಳು.

“ಸ ಗ ಪ ಅಂದ್ರೆ ಗಂಡಿನ ಕಡೆಯೋರ ದಿಬ್ಬಣ ಕಣಪ್ಪಾ, ಬರೀ ಗದ್ದಲ. ನಿಂದು ಹೆಣ್ಣು ಒಪ್ಪಿಸಿ ಕೊಡೋ ಹಾಡು. ಅದನ್ನ ಹೇಳೋಕೆ ಎದೆ ಬೇಕು.”

ಕುಶಾಲಪ್ಪ ಎದೆಯನ್ನು ಸ್ವಲ್ಪ ಮುಂದೆ ಮಾಡಿ ಕಾಫಿ ಕುಡಿದರು.

“ಏಳನೇ ಕುರ್ಚಿಯದ್ದು?” ನವೀನ್‌ಕುಮಾರ್ ಯಾರನ್ನೂ ಬಿಡುವವರಲ್ಲ.

“ನಿ, ರಿ, ಮ, ಸರ್.” ಚೆನ್ನಯ್ಯ ಒತ್ತಿದರು. ಬಾಲ ತುಳಿಸಿಕೊಂಡಂತಹ ಸ್ವರ ಬಂತು. ಬೆಕ್ಕು ಎದ್ದು ಓಡಿತು.

“ಅಂದ್ರೆ ಬೆಕ್ಕಿನ ಜೊತೆಗೂ ನಾವಿಬ್ರೇನಾ?” ಎಂದು ಪವಿತ್ರಾ ಕೇಳಿದಳು. ಕುಶಾಲಪ್ಪ ಕಾಫಿ ಉಗುಳುವಂತೆ ನಕ್ಕರು. ನವೀನ್‌ಕುಮಾರ್ ಈ ದೂರು ಯಾವುದರ ಕೆಳಗೂ ಬರುವುದಿಲ್ಲವೆಂದು ಘೋಷಿಸಿದರು. ಕುಶಾಲಪ್ಪ ಸೊಂಟದಿಂದ ಬೀಗದ ಕೈ ತೆಗೆದು ಬೀಗಕ್ಕೆ ಹಾಕಿದರು.

ಹಾಕಿ, ಅಲ್ಲೇ ನಿಲ್ಲಿಸಿದರು.

“ಒಂದು ಮಾತು ಮಂಜುನಾಥ. ಈ ಗಿಟಾರು ಶನಿವಾರ ಎಷ್ಟು ಹೊತ್ತು?”

“ಸಂಜೆ ಶುರು ಆದ್ರೆ ನಿಲ್ಲೋದೇ ಇಲ್ಲ ಸಾರ್! ಮೈಕ್ ಬೇರೆ ತರಿಸ್ತಿದ್ದೀನಿ!”

ಕುಶಾಲಪ್ಪನವರ ಕೈ ಬೀಗದ ಮೇಲೇ ಉಳಿಯಿತು. ಅವರದು ಎಂಟಕ್ಕೆ ಮಲಗುವ ಮನೆ. ಸರಪಳಿಯ ಆಚೆಯಿಂದ ತುಮಕೂರಿನವರು ಮೆಲ್ಲಗೆ ಕೇಳಿದರು, “ಗಿಟಾರ್ ಇರಲೇಬೇಕಾ ಸರ್? ಮನೇಲಿ ಮಗ ಡ್ರಮ್ಸ್ ಕಲೀತಿದ್ದಾನೆ. ನಾವು ಇಲ್ಲಿಗೆ ಬಂದಿದ್ದೇ...” ಹೆಂಡತಿ ಗಂಡನ ತೋಳು ಚಿವುಟಿದರು. ಮಂಜುನಾಥ ಅದನ್ನು ವಿನಯ ಎಂದುಕೊಂಡ. “ನಾಚ್ಕೋಬೇಡಿ ಸಾರ್, ಈಗಲೇ ಒಂದು ಸ್ಯಾಂಪಲ್ ಕೇಳಿ!” ಎಂದು ಮನೆಗೆ ಓಡಿ ಗಿಟಾರು ತಂದು, ಅನುಶ್ರೀಯನ್ನು ಬೆಕ್ಕಿನ ಕುರ್ಚಿಯಲ್ಲಿ ಕೂರಿಸಿ ತೊಡೆಗೆ ಇಟ್ಟೇಬಿಟ್ಟ.

ಎಡಗೈ ತಾನಾಗಿ ರಿ ಮ ದ ಹಿಡಿಯಿತು. ಬಲಗೈ ಮಡಿಲಲ್ಲೇ ಇತ್ತು. ಊರು, ಪಂಚಾಯಿತಿ, ತುಮಕೂರು ಎಲ್ಲವೂ ಉಸಿರು ಹಿಡಿದು ಕಾದಿದ್ದವು. ಅನುಶ್ರೀ ಕಣ್ಣು ಮುಚ್ಚಿದಳು. ಹೇಗಾದರೂ ಒಂದು ಸಲ ಮೀಟಿಬಿಡುವುದು, ಏನೋ ಒಂದು ಸದ್ದು ಬಂದರೆ ಸಾಕು, ಕಲೆಯೆಂದು ನಂಬಿಯಾರು ಎಂದು ಬೆರಳು ಎತ್ತಿದಳು.

ಆಗ ಅಜ್ಜಿ ಕುರ್ಚಿಯನ್ನು ಎಳೆದುಕೊಂಡು ಬಂದು ಪಕ್ಕಕ್ಕೆ ಒತ್ತಿ ಕೂತಳು. ಕಿವಿಯ ಹತ್ತಿರ ಪಿಸುಗುಟ್ಟಿದಳು:

“ಕೂಸೇ, ಯಾರ್ಗೂ ಹೇಳ್ಬ್ಯಾಡ. ನಿನ್ ಗಿಟಾರು ನಂಗೆ ಒಂದು ದಿನಾನೂ ಕೇಳಿಲ್ಲ. ಬೆರಳು ಆಡೋದು ಕಾಣ್ತದೆ, ಸ್ವರ ಮಾತ್ರ ಕೇಳಕ್ಕಿಲ್ಲ. ಮಾತು ಕೇಳ್ತದೆ, ಮೇಷ್ಟ್ರ ಪೆಟ್ಟಿಗೆ ಕೇಳ್ತದೆ, ಸಣ್ಣ ಸ್ವರ ಹೋಗ್ಬಿಟ್ಟದೆ ಕಣೇ ನನ್ ಕಿವೀಲಿ. ಸುರುತಿ ಕೇಳ್ದೋಳು ಸೋಬಾನೆಗೆ ಹೆಂಗ್ ಹೋಗ್ಲಿ? ಮಂಡಿ ನೋವು ಅಂತ ಸುಳ್ ಹೇಳ್ದೆ. ಇವತ್ತು ಒಂಚೂರು ಗಟ್ಟಿಯಾಗಿ ಮೀಟು. ಪಕ್ದಲ್ಲೇ ಕೂತಿದ್ದೀನಿ. ಒಂದ್ ಕಿತ ಕೇಳಿಸ್ಕತೀನಿ.”

ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು.

ನಾಲ್ಕು ಊರಿನ ಮದುಮಕ್ಕಳನ್ನು ಹಾಡಿ ಕಳಿಸಿದ ಮುದುಕಿ, ಆಷಾಢದಿಂದ ಬಾಯಿ ಮುಚ್ಚಿಕೊಂಡು ಕೂತದ್ದು ಮೊಮ್ಮಗಳ ಸದ್ದಿಲ್ಲದ ಅಭ್ಯಾಸದಿಂದ. ಗಿಟಾರಿನ ಶಾಸ್ತ್ರದಲ್ಲಿ ಇದಕ್ಕೆ ಯಾವ ಪಾಠವೂ ಇರಲಿಲ್ಲ. ಅನುಶ್ರೀ ಗಿಟಾರನ್ನು ಕೆಳಗಿಟ್ಟಳು. ಎದ್ದು ನಿಂತಳು. ಪಿಸುಗುಟ್ಟಿದರೂ ಕೇಳುತ್ತಿದ್ದ ಅಜ್ಜಿಗೆ, ಹಾರಂಗಿಯ ನೀರಿಗೂ ಮುಟ್ಟುವಂತೆ, ಹುಟ್ಟಿದಂದಿನಿಂದ ಕೂಗದ ದನಿಯಲ್ಲಿ ಕೂಗಿ ಹೇಳಿದಳು:

“ನಿನ್ನ ಕಿವಿ ಸರಿಯಾಗೇ ಇದೆ ಅಜ್ಜಿ! ನಾನು ಇವತ್ತಿನವರೆಗೂ ಒಂದು ತಂತೀನೂ ಮೀಟಿಲ್ಲ. ನನಗೆ ಗಿಟಾರು ನುಡಿಸೋಕೆ ಬರಲ್ಲ!”